ಬರಬಾರದ ಜಾಗಕ್ಕೆ ಬಂದ ಅಲೆ

1929ರ ಜೂನ್ 17, ಸೋಮವಾರ. ನ್ಯೂಜಿಲೆಂಡ್‌ನ ದಕ್ಷಿಣ ದ್ವೀಪದ ಮೇಲ್ತುದಿಯಲ್ಲಿ, ಬುಲರ್ ನದಿಯ ಕಣಿವೆಯಲ್ಲಿ ಮರ್ಚಿಸನ್ ಅಂತ ಒಂದು ಸಣ್ಣ ಊರು. ಬೆಳಿಗ್ಗೆ 10 ಗಂಟೆ 17 ನಿಮಿಷಕ್ಕೆ ಅಲ್ಲಿ ನೆಲ ನಡುಗಿತು. ಗುಡ್ಡಗಳು ಜಾರಿ ಕಣಿವೆಗೆ ಬಿದ್ದವು. ವೈಟ್ ಕ್ರೀಕ್ ಬಿರುಕಿನ ಗುಂಟ ನೆಲದ ಒಂದು ಮಗ್ಗುಲು ಸುಮಾರು 4.5 ಮೀಟರ್ ಮೇಲೆದ್ದಿತು. ಬಿರುಕನ್ನು ದಾಟಿ ಹೋಗುತ್ತಿದ್ದ ರಸ್ತೆ ಇದ್ದಕ್ಕಿದ್ದಂತೆ ಒಂದು ಗೋಡೆಗೆ ಹೋಗಿ ನಿಂತಂತಾಯಿತು. 17 ಜನ ಸತ್ತರು. ಹೆಚ್ಚಿನವರನ್ನು ಕೊಂದಿದ್ದು ಗುಡ್ಡದ ಕುಸಿತ. ಇವತ್ತಿನ ಲೆಕ್ಕದಲ್ಲಿ ಆ ಕಂಪದ ಪ್ರಮಾಣ 7.3. ಹಳೆಯ ಪುಸ್ತಕಗಳಲ್ಲಿ 7.8 ಅಂತಲೂ ಕಾಣುತ್ತದೆ.

ಮರ್ಚಿಸನ್ ಜನ ಗುದ್ದಲಿ ಹಿಡಿದು ಮಣ್ಣು ಸರಿಸುವ ಹೊತ್ತಿಗೆ ಆ ನಡುಕ ಭೂಮಿಯ ಹೊಟ್ಟೆಯೊಳಗೆ ಇಳಿದು, ಹಾದು, ಇನ್ನೊಂದು ಬದಿಯಿಂದ ಹೊರಗೆ ಬಂದಾಗಿತ್ತು. ಡೆನ್ಮಾರ್ಕಿನಲ್ಲಿ ಆಗಿನ್ನೂ ಭಾನುವಾರ, ನಡುರಾತ್ರಿಯ ಹತ್ತಿರ. ಕೋಪನ್‌ಹೇಗನ್‌ನ ಭೂಕಂಪ ಮಾಪಕ ತನ್ನ ಪಾಡಿಗೆ ಗೀಚಿಕೊಂಡಿತು. ರಷ್ಯಾದ ಸ್ವೆರ್ಡ್‌ಲೋವ್ಸ್ಕ್‌ನಲ್ಲಿ, ಸೈಬೀರಿಯಾದ ಇರ್ಕುಟ್ಸ್ಕ್‌ನಲ್ಲಿ ಕೂಡ ಗೀರು ಬಿತ್ತು. ಈ ಕೊನೆಯ ಎರಡು ಊರುಗಳ ಗೀರಿನಲ್ಲೇ ತಕರಾರು ಇರುವುದು. ಆಗಿನ ತಿಳಿವಳಿಕೆಯ ಪ್ರಕಾರ ಅಲ್ಲಿಗೆ ಆ ಅಲೆ ಬರಲೇಬಾರದಿತ್ತು.

ಆಗ ಏನು ಗೊತ್ತಿತ್ತು

ಭೂಮಿಯ ಮಧ್ಯಕ್ಕೆ ಇಲ್ಲಿಂದ 6,371 ಕಿಲೋಮೀಟರ್. ಮನುಷ್ಯ ಕೊರೆದ ಅತಿ ಆಳದ ರಂಧ್ರ ರಷ್ಯಾದ ಕೋಲಾದಲ್ಲಿದೆ. ಅದು 12 ಕಿಲೋಮೀಟರ್ ದಾಟಿ ಸ್ವಲ್ಪಕ್ಕೇ ನಿಂತುಬಿಟ್ಟಿತು. ತೆಂಗಿನಕಾಯಿಗೆ ಗುಂಡುಸೂಜಿಯ ಮೊನೆ ತಾಗಿಸಿದಷ್ಟೂ ಅಲ್ಲ. ಹಾಗಿದ್ದರೂ ಶಾಲೆಯಲ್ಲಿ ನಮಗೆ ಸಿಯಾಲ್, ಸೀಮಾ, ನಿಫೆ ಅಂತ ಬಾಯಿಪಾಠ ಮಾಡಿಸಿದರು. ಕೊಯ್ದ ಈರುಳ್ಳಿಯ ಥರ ಭೂಮಿಯ ಚಿತ್ರ ಬಿಡಿಸಿ ಬಣ್ಣ ತುಂಬಿದೆವು. ಇದನ್ನೆಲ್ಲ ನೋಡಿ ಬಂದವರು ಯಾರು ಅಂತ ನಾನಂತೂ ಕೇಳಲಿಲ್ಲ. ಕೇಳಿದ್ದರೆ ಉತ್ತರ ಭೂಕಂಪದ ಅಲೆಗಳಿಗೇ ಬಂದು ನಿಲ್ಲುತ್ತಿತ್ತು.

ಆ ಅಲೆಗಳ ಮೊದಲ ಒಳ್ಳೆಯ ಪಾಠ ನಡೆದದ್ದು ನಮ್ಮ ದೇಶದಲ್ಲೇ. 1897ರ ಜೂನ್ 12ರಂದು ಶಿಲಾಂಗ್ ಸುತ್ತಮುತ್ತ ಭಾರಿ ಭೂಕಂಪವಾಯಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಿಚರ್ಡ್ ಡಿಕ್ಸನ್ ಓಲ್ಡ್‌ಹ್ಯಾಮ್ ಅದರ ಕಾಗದಪತ್ರಗಳನ್ನು ಕಟ್ಟಿಕೊಂಡು ಕೂತರು. ಯುರೋಪಿನ ಮಾಪಕಗಳಲ್ಲಿ ಅದೇ ಕಂಪ ಒಂದೇ ಏಟಿಗೆ ಮುಟ್ಟಿರಲಿಲ್ಲ, ಮೂರು ಕಂತುಗಳಲ್ಲಿ ಮುಟ್ಟಿತ್ತು. ಮೊದಲು ಬಂದದ್ದು ಕಲ್ಲನ್ನು ಒತ್ತುತ್ತಾ ಹಿಗ್ಗಿಸುತ್ತಾ ಓಡುವ ಅಲೆ, ಅಂದರೆ ಪಿ ಅಲೆ. ಅದರ ಹಿಂದೆ ಕಲ್ಲನ್ನು ಅಡ್ಡಡ್ಡಕ್ಕೆ ಅಲುಗಿಸುವ ಎಸ್ ಅಲೆ. ಕೊನೆಗೆ ನೆಲದ ಮೇಲ್ಮೈಯಲ್ಲೇ ತೆವಳಿಕೊಂಡು ಬರುವ ದೊಡ್ಡ ಅಲೆಗಳು. ಮೊದಲ ಎರಡು ಭೂಮಿಯ ಒಳಗಿನಿಂದಲೇ ಬರುತ್ತವೆ. ಹಾಗಾದರೆ ಅವು ಒಳಗಿನ ಸುದ್ದಿ ಹೊತ್ತು ತರುತ್ತವೆ ಅಲ್ವಾ?

1906ರಲ್ಲಿ ಓಲ್ಡ್‌ಹ್ಯಾಮ್ ಆ ಸುದ್ದಿ ಓದಿದರು. ತುಂಬಾ ದೂರ ಹೋದ ಅಲೆಗಳು ಲೆಕ್ಕಕ್ಕಿಂತ ತಡವಾಗಿ ಬರುತ್ತಿದ್ದವು. ಹಾಗಾದರೆ ನಡುವೆ ಬೇರೆ ಜಾತಿಯ, ಅಲೆಯನ್ನು ನಿಧಾನ ಮಾಡುವ ಒಂದು ತಿರುಳು ಇರಬೇಕು ಎಂದರು. ಅವರ ಗುರುತುಗಳಲ್ಲಿ ಕೆಲವು ತಪ್ಪಿದ್ದವು. ತಿರುಳಿನೊಳಗೆ ಹೋಗಲಾರದ ಎಸ್ ಅಲೆಯನ್ನು ನಿಧಾನವಾಗಿ ಹೋಗಿ ಬಂದ ಅಲೆ ಅಂದುಕೊಂಡಿದ್ದರು. ಆದರೂ ತಿರುಳು ಇದೆ ಅನ್ನುವ ತೀರ್ಮಾನ ಸರಿಯೇ ಇತ್ತು. ಮುಂದೆ ಜರ್ಮನಿಯ ಬೆನೊ ಗುಟೆನ್‌ಬರ್ಗ್ ಆ ತಿರುಳು 2,900 ಕಿಲೋಮೀಟರ್ ಆಳದಲ್ಲಿ ಶುರುವಾಗುತ್ತದೆ ಅಂತ ಲೆಕ್ಕ ಕೊಟ್ಟರು. ಇವತ್ತಿಗೂ ಆ ಅಂಕಿ ಹೆಚ್ಚುಕಡಿಮೆ ಹಾಗೇ ಇದೆ. 1926ರಲ್ಲಿ ಇಂಗ್ಲೆಂಡಿನ ಹೆರಾಲ್ಡ್ ಜೆಫ್ರೀಸ್ ತಿರುಳು ದ್ರವ ಅಂತ ತೋರಿಸಿದರು. ಎಸ್ ಅಲೆ ದ್ರವದಲ್ಲಿ ಸಾಗದು. ನೀರನ್ನು ಒತ್ತಬಹುದು, ತಿರುಚಿ ಹಿಡಿಯಲು ಬರುತ್ತದೆಯೇ?

ಅಲ್ಲಿಗೆ ಭೂಮಿಯ ನಕ್ಷೆ ಮುಗಿದಂತೆ ಕಾಣುತ್ತಿತ್ತು. ಮೇಲೆ ತೆಳು ಚಿಪ್ಪು, ಕೆಳಗೆ ಕಲ್ಲಿನ ಮ್ಯಾಂಟಲ್, ನಡುವೆ ಕರಗಿದ ಕಬ್ಬಿಣದ ಉಂಡೆ.

ನೆರಳು

ಭೂಕಂಪದವರು ದೂರವನ್ನು ಡಿಗ್ರಿಯಲ್ಲಿ ಹೇಳುತ್ತಾರೆ. ಕಂಪ ಆದ ಜಾಗ ಸೊನ್ನೆ, ಭೂಮಿಯ ಸರಿ ಎದುರು ಬದಿ 180. ಒಂದು ಡಿಗ್ರಿ ಅಂದರೆ ನೆಲದ ಮೇಲೆ ಸುಮಾರು 111 ಕಿಲೋಮೀಟರ್.

ಪಿ ಅಲೆ ಮ್ಯಾಂಟಲ್‌ನಲ್ಲಿ ಇಳಿದಂತೆಲ್ಲ ಜೋರಾಗುತ್ತದೆ. ಹಾಗಾಗಿ ಅದರ ದಾರಿ ನೇರವಲ್ಲ, ಬಿಲ್ಲಿನಂತೆ ಬಾಗಿ ಮೇಲೆ ಬರುತ್ತದೆ. ಸುಮಾರು 103 ಡಿಗ್ರಿವರೆಗೆ ತೊಂದರೆ ಇಲ್ಲ. ಅಷ್ಟು ದೂರಕ್ಕೆ ಹೋಗುವ ಅಲೆ ತಿರುಳಿನ ಮೈ ಸವರಿಕೊಂಡು ಹೋಗುತ್ತದೆ, ಹೆಚ್ಚುಕಡಿಮೆ 14 ನಿಮಿಷ ತಗಲುತ್ತದೆ. ಅದಕ್ಕಿಂತ ಒಂಚೂರು ಕೆಳಗೆ ಹೊರಟ ಅಲೆ ತಿರುಳಿಗೆ ಬೀಳುತ್ತದೆ. ಮ್ಯಾಂಟಲ್‌ನ ತಳದಲ್ಲಿ ಸೆಕೆಂಡಿಗೆ 13.7 ಕಿಲೋಮೀಟರ್ ಓಡುತ್ತಿದ್ದ ಅದು ತಿರುಳಿಗೆ ಕಾಲಿಟ್ಟ ಕೂಡಲೇ 8ಕ್ಕೆ ಇಳಿಯುತ್ತದೆ. ವೇಗ ಕುಸಿದಾಗ ದಾರಿಯೂ ಮುರಿಯುತ್ತದೆ, ಒಳಮುಖವಾಗಿ. ಬೆಳಕು ನೀರಿಗೆ ಬಿದ್ದಾಗ ಮುರಿಯುವ ಹಾಗೇ ಇದು. ನೀರು ತುಂಬಿದ ದುಂಡು ಸೀಸೆಯನ್ನು ಬಿಸಿಲಿಗೆ ಹಿಡಿದು ನೋಡಿ. ಹಿಂದೆ ಒಂದು ಕಡೆ ಬೆಳಕು ಗುಡ್ಡೆಯಾಗುತ್ತದೆ, ಅದರ ಸುತ್ತ ಕತ್ತಲೆಯ ಉಂಗುರ ಇರುತ್ತದೆ. ಭೂಮಿಯ ತಿರುಳು ಅಂಥ ಸೀಸೆ. ಅದು ಅಲೆಗಳನ್ನು 142 ಡಿಗ್ರಿಯ ಆಸುಪಾಸು ಗುಡ್ಡೆ ಹಾಕುತ್ತದೆ. ಅಲ್ಲಿಂದ ಆಚೆ ಅಲೆ ಕಾಣುತ್ತದೆ. 103ರಿಂದ 142ರವರೆಗೆ ಕತ್ತಲೆ. ಇದೇ ನೆರಳು ವಲಯ.

ಈಗ ಮರ್ಚಿಸನ್‌ಗೆ ಬನ್ನಿ. ಅಲ್ಲಿಂದ ಕೋಪನ್‌ಹೇಗನ್ ಸುಮಾರು 161 ಡಿಗ್ರಿ. ನೆರಳಿನಿಂದ ಆಚೆ, ಅಲೆ ಬರಬೇಕಾದ ಜಾಗವೇ. ಇರ್ಕುಟ್ಸ್ಕ್ ಸುಮಾರು 111, ಸ್ವೆರ್ಡ್‌ಲೋವ್ಸ್ಕ್ ಸುಮಾರು 135. ಎರಡೂ ನೆರಳಿನ ಒಳಗೆ. ಅಲ್ಲಿನ ಸುರುಳಿಗಳಲ್ಲಿ, ಕಂಪ ಆಗಿ ಹೆಚ್ಚುಕಡಿಮೆ 19 ನಿಮಿಷಕ್ಕೆ, ಒಂದು ಗೀರು ಎದ್ದಿತ್ತು.

ನೆರಳಿನಲ್ಲಿ ಇಂಥ ಗೀರುಗಳು ಇದೇ ಮೊದಲಲ್ಲ. ಬೇರೆ ಕಂಪಗಳಲ್ಲೂ ಕಂಡಿದ್ದವು. ಅದಕ್ಕೆ ದೊಡ್ಡವರ ಹತ್ತಿರ ಸಿದ್ಧ ಉತ್ತರ ಇತ್ತು. ಅಲೆ ಅಂಚಿನಲ್ಲಿ ಬಾಗುತ್ತದೆ, ಬಾಗಿ ನೆರಳಿಗೂ ಸ್ವಲ್ಪ ಸೋರುತ್ತದೆ. ಬಾಗಿಲ ಮರೆಯಲ್ಲಿ ನಿಂತವನಿಗೂ ಒಳಗಿನ ಮಾತು ಕೇಳಿಸುತ್ತದಲ್ಲ, ಹಾಗೆ. ಉತ್ತರ ತಪ್ಪು ಅಂತ ಹೇಳಲು ಬರದು. ಅಂಥ ಸೋರಿಕೆ ನಿಜಕ್ಕೂ ಇದೆ. ಅದಕ್ಕೇ ಅದು ಅಷ್ಟು ಸುಲಭವಾಗಿ ಒಪ್ಪಿತವಾಗಿತ್ತು.

ಓಟ್ಸ್ ಡಬ್ಬಿಯ ಕಾರ್ಡುಗಳು

ಆ ಸಿದ್ಧ ಉತ್ತರವನ್ನು ಪ್ರಶ್ನಿಸಿದವರು ಡೆನ್ಮಾರ್ಕಿನ ಭೂಕಂಪ ವಿಜ್ಞಾನಿ ಇಂಗೆ ಲೇಮನ್. ಅವರು ಹುಟ್ಟಿದ್ದು 1888ರಲ್ಲಿ, ಕೋಪನ್‌ಹೇಗನ್‌ನಲ್ಲಿ. ಓದಿದ್ದು ಹನ್ನಾ ಆಡ್ಲರ್ ನಡೆಸುತ್ತಿದ್ದ ಶಾಲೆಯಲ್ಲಿ. ಈ ಹನ್ನಾ ಆಡ್ಲರ್ ಭೌತವಿಜ್ಞಾನಿ ನೀಲ್ಸ್ ಬೋರ್ ಅವರ ಚಿಕ್ಕಮ್ಮನೋ ದೊಡ್ಡಮ್ಮನೋ ಆಗಬೇಕು, ತಾಯಿಯ ಕಡೆಯಿಂದ. ಅಲ್ಲಿ ಹುಡುಗ ಹುಡುಗಿ ಅನ್ನುವ ಭೇದ ಇರಲಿಲ್ಲ. ಹೊರಗಿನ ಲೋಕ ಹಾಗಿಲ್ಲ ಅನ್ನುವುದು ಲೇಮನ್‌ಗೆ ಆಮೇಲೆ ಗೊತ್ತಾಯಿತು. ಹದಿನೈದು ಹದಿನಾರರ ವಯಸ್ಸಿನಲ್ಲಿ ಒಂದು ಭಾನುವಾರ ಮನೆಯಲ್ಲಿ ನೆಲ ಅಲುಗಿ, ತೂಗುದೀಪ ಓಲಾಡಿದ್ದನ್ನು ಅವರು ಮುಪ್ಪಿನಲ್ಲೂ ನೆನೆಯುತ್ತಿದ್ದರು. ಆದರೆ ಅದರಿಂದ ಭೂಕಂಪದ ಹುಚ್ಚು ಹಿಡಿಯಿತು ಅಂತೇನೂ ಅಲ್ಲ. ಕೋಪನ್‌ಹೇಗನ್‌ನಲ್ಲಿ, ಕೇಂಬ್ರಿಜ್‌ನಲ್ಲಿ ಗಣಿತ ಓದಿದರು. ನಡುವೆ ಕೆಲವು ವರ್ಷ ವಿಮೆಯ ಲೆಕ್ಕ ಹಾಕುವ ಆಫೀಸಿನಲ್ಲಿ ಕೆಲಸ ಮಾಡಿದರು. ಭೂಕಂಪ ಮಾಪಕಗಳ ಕೆಲಸಕ್ಕೆ ಕೈ ಹಾಕಿದ್ದು 1925ರಲ್ಲಿ, 37ನೇ ವಯಸ್ಸಿನಲ್ಲಿ. ಡೆನ್ಮಾರ್ಕ್ ಮತ್ತು ಗ್ರೀನ್‌ಲ್ಯಾಂಡ್‌ನಲ್ಲಿ ಮಾಪಕ ಕೇಂದ್ರಗಳನ್ನು ಕಟ್ಟುವ ಕೆಲಸಕ್ಕೆ ಸಹಾಯಕಿಯಾಗಿ ಸೇರಿದರು. 1928ರಲ್ಲಿ ಸರ್ಕಾರಿ ಭೂಮಾಪನ ಸಂಸ್ಥೆಯ ಭೂಕಂಪ ವಿಭಾಗದ ಮುಖ್ಯಸ್ಥೆಯಾದರು. ವಿಭಾಗ ಅಂದರೆ ಬಹುಪಾಲು ಅವರೊಬ್ಬರೇ.

ಡೆನ್ಮಾರ್ಕಿನಲ್ಲಿ ಭೂಕಂಪ ಆಗುವುದೇ ಅಪರೂಪ. ಅಲ್ಲಿ ಕೂತು ಏನು ಮಾಡುವುದು ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು. ಗೋಳ ತಿರುಗಿಸಿ ನೋಡಿದರೆ ತಿಳಿಯುತ್ತದೆ. ಭೂಕಂಪಗಳು ಜಾಸ್ತಿ ಆಗುವ ಪೆಸಿಫಿಕ್‌ನ ದಕ್ಷಿಣ ಅಂಚು ಡೆನ್ಮಾರ್ಕಿಗೆ ಹೆಚ್ಚುಕಡಿಮೆ ಎದುರು ಬದಿ. ಅಲ್ಲಿಂದ ಬರುವ ಅಲೆ ತಿರುಳನ್ನು ಹಾದೇ ಬರಬೇಕು. ತಿರುಳಿನ ಬಗ್ಗೆ ಕೆಲಸ ಮಾಡುವವರಿಗೆ ಅದು ಮುಂದಿನ ಸಾಲಿನ ಸೀಟು.

ಅವರ ಮನೆಯ ತೋಟದ ಒಂದು ದೃಶ್ಯವನ್ನು ಅವರ ಸಂಬಂಧಿಯೊಬ್ಬರು ನೆನಪಿಸಿಕೊಂಡಿದ್ದಾರೆ. ಬೇಸಿಗೆಯ ಭಾನುವಾರ, ಹುಲ್ಲಿನ ಮೇಲೆ ದೊಡ್ಡ ಮೇಜು, ಅದರ ತುಂಬ ಓಟ್ಸ್‌ನ ಖಾಲಿ ರಟ್ಟಿನ ಡಬ್ಬಿಗಳು. ಡಬ್ಬಿಗಳಲ್ಲಿ ರಟ್ಟಿನ ಕಾರ್ಡುಗಳು. ಯಾವ ಕಂಪ, ಯಾವ ಊರಿಗೆ, ಎಷ್ಟು ಹೊತ್ತಿಗೆ ಮುಟ್ಟಿತು ಅನ್ನುವುದು ಅವುಗಳ ಮೇಲೆ. ಕಂಪ್ಯೂಟರ್ ಇಲ್ಲದ ಕಾಲದ ಡೇಟಾಬೇಸ್ ಅದು.

ಆದರೆ ಕಾರ್ಡು ಎರಡನೆಯ ಮಾತು. ಮೊದಲನೆಯದು ಓದು. ಕೇಂದ್ರಗಳು ಅಚ್ಚು ಹಾಕಿ ಕಳಿಸುವ ಪಟ್ಟಿಯಲ್ಲಿ ಅಲೆ ಇಷ್ಟು ಹೊತ್ತಿಗೆ ಬಂತು ಅಂತ ಒಂದು ಸಾಲು ಇರುತ್ತದೆ, ಅಷ್ಟೆ. ಆ ಸಾಲನ್ನು ಬರೆದವನಿಗೆ ಅಲ್ಲಿ ಅಲೆ ಬರಬಾರದು ಅನ್ನುವ ನಂಬಿಕೆ ಇದ್ದರೆ, ಸಣ್ಣ ಗೀರನ್ನು ಗದ್ದಲ ಅಂತ ಬಿಟ್ಟುಬಿಡಬಹುದು. ಲೇಮನ್ ಪಟ್ಟಿಯನ್ನು ನೆಚ್ಚಿಕೊಳ್ಳಲಿಲ್ಲ. ಮೂಲ ಗೀರುಗಳನ್ನೇ ಪಕ್ಕಪಕ್ಕ ಇಟ್ಟು ನೋಡಿದರು. ರಷ್ಯಾದ ಕೇಂದ್ರಗಳಲ್ಲಿದ್ದುದು ಗಾಲಿಟ್ಸಿನ್ ಮಾದರಿಯ ಮಾಪಕಗಳು, ಆ ಕಾಲಕ್ಕೆ ತುಂಬಾ ಒಳ್ಳೆಯವು. ನೆಲದ ಮೇಲೆ-ಕೆಳಗಿನ ಅಲುಗಾಟವನ್ನು ಬೇರೆಯಾಗಿಯೇ ದಾಖಲು ಮಾಡುತ್ತಿದ್ದವು. ಇದು ಮುಖ್ಯ. ಭೂಮಿಯ ಆಳದಿಂದ ಬರುವ ಪಿ ಅಲೆ ಹೆಚ್ಚುಕಡಿಮೆ ಕಾಲ ಕೆಳಗಿನಿಂದಲೇ ಏಳುತ್ತದೆ. ಅದು ನೆಲವನ್ನು ಮೇಲಕ್ಕೆ ಗುದ್ದುತ್ತದೆ, ಪಕ್ಕಕ್ಕೆ ಅಲುಗಿಸುವುದು ಕಡಿಮೆ. ಅಡ್ಡ ಅಲುಗಾಟ ಮಾತ್ರ ನೋಡುವ ಮಾಪಕದಲ್ಲಿ ಇಂಥ ಅಲೆ ಸುಮ್ನೆ ಕಳೆದುಹೋಗುತ್ತದೆ.

ಮೇಲೆ-ಕೆಳಗಿನ ದಾಖಲೆಯಲ್ಲಿ ಗೀರು ಚೊಕ್ಕವಾಗಿತ್ತು. ತಕರಾರು ಶುರುವಾದದ್ದು ಇಲ್ಲಿ. ಗಣೇಶನ ಪೆಂಡಾಲಿನ ಸ್ಪೀಕರನ್ನು ನೆನಪಿಸಿಕೊಳ್ಳಿ. ಎರಡು ಬೀದಿ ಆಚೆ, ಮನೆಗಳ ಮರೆಯಲ್ಲಿ, ದಪ್ಪ ಧಂ ಧಂ ಕೇಳುತ್ತದೆ. ಹಾಡಿನ ಸಾಲು ಕೇಳುವುದಿಲ್ಲ. ಉದ್ದ ಅಲೆ ಮೂಲೆಯಲ್ಲಿ ಬಾಗಿ ಬರುತ್ತದೆ, ಗಿಡ್ಡ ಅಲೆ ಬಾಗುವುದಿಲ್ಲ. ನೆರಳಿಗೆ ಸೋರಿ ಬಂದ ಅಲೆಯೂ ಹಾಗೇ ಮಂಕಾಗಿರಬೇಕು, ಅಂಚಿನಿಂದ ದೂರ ಹೋದಂತೆ ಬೇಗ ಸಾಯಬೇಕು. ಇಲ್ಲಿ ಬಂದದ್ದು ಹಾಗಿರಲಿಲ್ಲ. ಹಾಡಿನ ಸಾಲೇ ಕೇಳುತ್ತಿತ್ತು.

ಉತ್ತರ ಸಾಲದು ಅಂತ ಗೊತ್ತಾಯಿತು. ಆದರೆ ಅದರ ಜಾಗಕ್ಕೆ ಏನು ಇಡುವುದು?

ಲೇಮನ್ ಮಾಡಿದ ಮುಂದಿನ ಕೆಲಸ ನನಗೆ ಎಲ್ಲಕ್ಕಿಂತ ಇಷ್ಟ. ಅವರು ಭೂಮಿಯನ್ನು ಬೇಕೆಂದೇ ಸರಳ ಮಾಡಿದರು. ಮ್ಯಾಂಟಲ್‌ನ ಎಲ್ಲ ಕಡೆ ಪಿ ಅಲೆಯ ವೇಗ ಸೆಕೆಂಡಿಗೆ 10 ಕಿಲೋಮೀಟರ್ ಅಂದುಕೊಳ್ಳೋಣ. ತಿರುಳಿನ ಎಲ್ಲ ಕಡೆ 8 ಅಂದುಕೊಳ್ಳೋಣ. ಎರಡೂ ನಿಜವಲ್ಲ ಅಂತ ಅವರಿಗೆ ಚೆನ್ನಾಗಿ ಗೊತ್ತು. ಆದರೆ ವೇಗ ಒಂದೇ ಆಗಿಬಿಟ್ಟರೆ ಅಲೆಯ ದಾರಿ ನೇರ ಗೆರೆಯಾಗುತ್ತದೆ. ಪದರ ಬದಲಾಗುವ ಕಡೆ ಮಾತ್ರ ಮುರಿಯುತ್ತದೆ. ಪಿಯುಸಿಯ ತ್ರಿಕೋನಮಿತಿ ಸಾಕು. ಈ ಆಟಿಕೆ ಭೂಮಿಯಲ್ಲೂ ನೆರಳು ವಲಯ ಬರುತ್ತದೆ, ನಿಜವಾದದ್ದಕ್ಕೆ ತಕ್ಕಷ್ಟು ಹತ್ತಿರ.

ಆಮೇಲೆ ತಿರುಳಿನ ನಡುವೆ ಇನ್ನೊಂದು ಸಣ್ಣ ಉಂಡೆ ಇಟ್ಟರು. ಅದರೊಳಗೆ ಅಲೆ ಮತ್ತೆ ಜೋರಾಗುತ್ತದೆ ಅಂದುಕೊಂಡರು. ಅಷ್ಟು ಮಾಡಿದ ಕೂಡಲೇ ನೆರಳಿಗೆ ಅಲೆ ಬಂದುಬಿಟ್ಟಿತು. ವೇಗ ಏರಿದ ಕಡೆ ದಾರಿ ಹೊರಮುಖವಾಗಿ ಮುರಿಯುತ್ತದೆ. ಸೀದಾ ಆಚೆ ಹೋಗಬೇಕಿದ್ದ ಅಲೆ ಪಕ್ಕಕ್ಕೆ ಚೆದುರಿ, ಕತ್ತಲೆಯ ಉಂಗುರದೊಳಗೆ ಬೀಳುತ್ತದೆ. ಬಂದ ಹೊತ್ತೂ ಗೀರುಗಳ ಹೊತ್ತಿಗೆ ಹೊಂದಿತು. ಉಂಡೆಯ ತ್ರಿಜ್ಯ ಸುಮಾರು 1,400 ಕಿಲೋಮೀಟರ್ ಇರಬೇಕು ಅನ್ನಿಸಿತು.

ಇದೆಲ್ಲ 1936ರಲ್ಲಿ ಅಚ್ಚಾಯಿತು. ಲೇಖನದ ಹೆಸರು ಒಂದೇ ಅಕ್ಷರ, ಅದರ ಪಕ್ಕ ಒಂದು ಸಣ್ಣ ಗೀಟು. ಪಿ ಪ್ರೈಮ್ ಅಂತ ಓದಬೇಕು. ತಿರುಳಿನ ಮೂಲಕ ಬಂದ ಪಿ ಅಲೆಗೆ ಆಗ ಅದೇ ಹೆಸರಿತ್ತು. ಭೂಮಿಯ ನಡುವೆ ಹೊಸದೊಂದು ಗೋಳ ಸಿಕ್ಕ ಸುದ್ದಿಗೆ ಇದಕ್ಕಿಂತ ತಣ್ಣಗಿನ ತಲೆಬರಹ ಸಿಗಲಾರದು. ಅದೇ ವರ್ಷ, ಮೊದಲ ತಿರುಳನ್ನು ಕಂಡ ಓಲ್ಡ್‌ಹ್ಯಾಮ್ ತೀರಿಕೊಂಡರು.

ಒಪ್ಪಿದವರು, ತಡ ಮಾಡಿದವರು

ತಿರುಳಿನ ನಡುವಿನ ಈ ಉಂಡೆಯನ್ನು, ಅಂದರೆ ಒಳತಿರುಳನ್ನು, ಲೇಮನ್ ಸಾಬೀತು ಮಾಡಿದರು ಅಂತ ಎಲ್ಲ ಕಡೆ ಬರೆಯುತ್ತಾರೆ. ನನ್ನ ಲೆಕ್ಕದಲ್ಲಿ ಅವರು ಅಷ್ಟು ಹೇಳಿಕೊಂಡಿರಲಿಲ್ಲ. ಹೀಗೊಂದು ಉಂಡೆ ಇದ್ದರೆ ಗೀರುಗಳಿಗೆಲ್ಲ ಅರ್ಥ ಬರುತ್ತದೆ ಅಂತ ತೋರಿಸಿದ್ದರು. ಬೇರೆ ಯಾವ ದಾರಿಯಲ್ಲೂ ಅರ್ಥ ಬರದು ಅಂತ ತೋರಿಸುವುದು ಬೇರೆಯೇ ಕೆಲಸ.

ಆ ಕೆಲಸಕ್ಕೆ ಇನ್ನು ಕೆಲವು ವರ್ಷ ಹಿಡಿಯಿತು. ಗುಟೆನ್‌ಬರ್ಗ್ ಆಗ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿದ್ದರು. ಅವರೂ ಚಾರ್ಲ್ಸ್ ರಿಕ್ಟರ್ ಅವರೂ ಬೇಗ ಒಪ್ಪಿ, ತಮ್ಮ ಲೆಕ್ಕ ಮಾಡಿ, 1938ರಲ್ಲಿ ಉಂಡೆಯ ತ್ರಿಜ್ಯ ಸುಮಾರು 1,200 ಕಿಲೋಮೀಟರ್ ಅಂದರು. ಜೆಫ್ರೀಸ್ ತಡ ಮಾಡಿದರು. ಅವರಿಗೂ ಲೇಮನ್‌ಗೂ ವರ್ಷಗಟ್ಟಲೆ ಪತ್ರ ಓಡಾಡಿತ್ತು. ಸೋರಿಕೆಯ ಉತ್ತರವನ್ನು ಸುಲಭಕ್ಕೆ ಬಿಡುವ ಮನುಷ್ಯ ಅವರಲ್ಲ. ಆದರೆ 1939ರಲ್ಲಿ ಆ ಸೋರಿಕೆಯನ್ನು ಗಣಿತದಲ್ಲಿ ಸರಿಯಾಗಿ ಅಳೆದು, ಅದು ಸಾಲುವುದೇ ಇಲ್ಲ ಅಂತ ತೋರಿಸಿದವರೂ ಅವರೇ. ಹಟಮಾರಿ ಪ್ರತಿವಾದಿಯೇ ಕೊನೆಗೆ ಗಟ್ಟಿ ಸಾಕ್ಷಿ ಹೇಳಿದ ಹಾಗಾಯಿತು.

ಇಂದಿನ ಲೆಕ್ಕದಲ್ಲಿ ಒಳತಿರುಳಿನ ತ್ರಿಜ್ಯ ಸುಮಾರು 1,220 ಕಿಲೋಮೀಟರ್. ಚಂದ್ರನಿಗೆ ಹೋಲಿಸಿದರೆ ಹತ್ತರಲ್ಲಿ ಏಳು ಪಾಲು. ಒಳಗೆ ಪಿ ಅಲೆಯ ವೇಗ ಸೆಕೆಂಡಿಗೆ 11 ಕಿಲೋಮೀಟರ್.

ಅದು ಗಟ್ಟಿ ಅಂತ ಹೇಳಿದ್ದು ಲೇಮನ್ ಅಲ್ಲ. ಪಿ ಅಲೆ ಜೋರಾಗಿ ಓಡುತ್ತದೆ ಅನ್ನುವುದರಿಂದಷ್ಟೇ ಗಟ್ಟಿ ಅನ್ನಲಾಗದು. ಅಷ್ಟು ಬಿಸಿಯಲ್ಲೂ ಒತ್ತಡಕ್ಕೆ ಕಬ್ಬಿಣ ಹೆಪ್ಪುಗಟ್ಟಿರಬಹುದು ಅಂತ 1940ರಲ್ಲಿ ಫ್ರಾನ್ಸಿಸ್ ಬರ್ಚ್ ಹೇಳಿದರು. 1946ರಲ್ಲಿ ಕೀತ್ ಬುಲೆನ್ ವೇಗದ ಅಂಕಿಗಳಿಂದಲೇ ಅದೇ ಮಾತಿಗೆ ಬಂದರು. ನೇರವಾದ ಪುರಾವೆ ಬಂದದ್ದು 1971ರಲ್ಲಿ, ಆಡಮ್ ಜಿವೋನ್‌ಸ್ಕಿ ಮತ್ತು ಫ್ರೀಮನ್ ಗಿಲ್ಬರ್ಟ್ ಅವರಿಂದ. 1964ರ ಅಲಾಸ್ಕಾದಂಥ ಮಹಾಕಂಪ ಆದ ಮೇಲೆ ಇಡೀ ಭೂಮಿ ದೇವಸ್ಥಾನದ ಗಂಟೆಯ ಹಾಗೆ ದಿನಗಟ್ಟಲೆ ಅನುರಣಿಸುತ್ತದೆ. ಕಿವಿಗೆ ಕೇಳದಷ್ಟು ಮಂದ್ರದಲ್ಲಿ. ಆ ಸ್ವರ ಒಳಗಿರುವುದು ಗಟ್ಟಿಯೋ ದ್ರವವೋ ಅನ್ನುವುದರ ಮೇಲೆ ಒಂಚೂರು ಏರುತ್ತದೆ, ಇಳಿಯುತ್ತದೆ. ಹಸಿ ಮೊಟ್ಟೆ ಬೆಂದ ಮೊಟ್ಟೆಯನ್ನು ಒಡೆಯದೆ ತಿರುಗಿಸಿ ಪತ್ತೆ ಮಾಡುತ್ತೇವಲ್ಲ, ಅದರ ದೊಡ್ಡಣ್ಣ ಈ ಲೆಕ್ಕ. ಒಳತಿರುಳು ಗಟ್ಟಿ ಅಂತ ಬಂತು.

ಅದೇ 1971ರಲ್ಲಿ ಅಮೆರಿಕನ್ ಜಿಯೋಫಿಸಿಕಲ್ ಯೂನಿಯನ್ ಲೇಮನ್‌ಗೆ ಬೋವಿ ಪದಕ ಕೊಟ್ಟಿತು. ಆಗ ಅವರಿಗೆ 83. 1953ರಲ್ಲೇ ಕೆಲಸದಿಂದ ನಿವೃತ್ತರಾಗಿ, ಆಮೇಲೆ ಅಮೆರಿಕಕ್ಕೆ ಹೋಗಿ ಬಂದು, ಮ್ಯಾಂಟಲ್‌ನ ಮೇಲುಭಾಗದಲ್ಲಿ ಸುಮಾರು 220 ಕಿಲೋಮೀಟರ್ ಆಳದಲ್ಲಿ ಇನ್ನೊಂದು ಗಡಿಯನ್ನೂ ಹುಡುಕಿದ್ದರು. ತೀರಿಕೊಂಡಿದ್ದು 1993ರಲ್ಲಿ, 104ನೇ ವಯಸ್ಸಿನಲ್ಲಿ.

ಗೌರಿಬಿದನೂರಿನ ಲೆಕ್ಕ

ಈ ಪ್ರಕರಣ ಓದುತ್ತಾ ನಾನು ಸುಮ್ನೆ ಒಂದು ಲೆಕ್ಕ ಹಾಕಿದೆ. ಬೆಂಗಳೂರಿನಿಂದ ಉತ್ತರಕ್ಕೆ ಗೌರಿಬಿದನೂರಿನ ಹತ್ತಿರ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಭೂಕಂಪ ಮಾಪಕಗಳ ಸಾಲು ಇದೆ. 1965ರಲ್ಲಿ ಬ್ರಿಟನ್ನಿನ ಪರಮಾಣು ಸಂಸ್ಥೆಯ ಜೊತೆ ಸೇರಿ ಶುರು ಮಾಡಿದ್ದು. ಯಾವ ದೇಶ ನೆಲದಡಿ ಅಣುಬಾಂಬು ಸಿಡಿಸಿತು ಅಂತ ಪತ್ತೆ ಹಚ್ಚುವುದು ಅದರ ಮೂಲ ಉದ್ದೇಶ. ಮಾಪಕಗಳನ್ನು ಎರಡು ಉದ್ದ ಸಾಲುಗಳಲ್ಲಿ ಎಲ್ ಅಕ್ಷರದಂತೆ ಹರಡಿದ್ದಾರೆ. ಪಕ್ಕದಿಂದ ಬರುವ ಅಲೆ ಒಂದಾದ ಮೇಲೊಂದು ಮಾಪಕ ಮುಟ್ಟುತ್ತದೆ. ಭೂಮಿಯ ತಿರುಳಿನಿಂದ ಬರುವ ಅಲೆ ಕೆಳಗಿನಿಂದ ಏಳುವುದರಿಂದ ಎಲ್ಲವನ್ನೂ ಹೆಚ್ಚುಕಡಿಮೆ ಒಟ್ಟಿಗೇ ಮುಟ್ಟುತ್ತದೆ. ಲೇಮನ್ ಕಣ್ಣಲ್ಲಿ ಹುಡುಕಿದ ಗುರುತನ್ನು ಈ ಸಾಲು ಹೊತ್ತಿನ ಅಂತರದಲ್ಲೇ ಹಿಡಿಯಬಲ್ಲದು.

ಚಿಲಿ ದೇಶದಲ್ಲಿ 2010ರ ಫೆಬ್ರವರಿ 27ರಂದು 8.8 ಪ್ರಮಾಣದ ಭೂಕಂಪವಾಯಿತು. ಅಲ್ಲಿಂದ ಗೌರಿಬಿದನೂರು ಸುಮಾರು 145 ಡಿಗ್ರಿ. ಸೀಸೆ ಬೆಳಕನ್ನು ಗುಡ್ಡೆ ಹಾಕುವ ಜಾಗದಿಂದ ತುಸು ಆಚೆ. ಇಪ್ಪತ್ತು ನಿಮಿಷದ ಒಳಗೆ ತಿರುಳು ದಾಟಿದ ಅಲೆ ನಮ್ಮ ಕಾಲ ಕೆಳಗೆ ಬಂದು ಮುಟ್ಟುವ ದೂರ ಅದು. ನಮಗೆ ಯಾರಿಗೂ ಗೊತ್ತಾಗುವುದಿಲ್ಲ, ಮಾಪಕಕ್ಕೆ ಮಾತ್ರ.

ಮರ್ಚಿಸನ್‌ನಿಂದ ಗೌರಿಬಿದನೂರಿಗೆ ಎಷ್ಟು ಅಂತಲೂ ನೋಡಿದೆ. ಸುಮಾರು 103 ಡಿಗ್ರಿ ಬಂತು. ನೆರಳು ಶುರುವಾಗುವ ಗೆರೆಯ ಮೇಲೇ. 1929ರಲ್ಲಿ ಅಲ್ಲಿ ಮಾಪಕ ಇರಲಿಲ್ಲ, ಬರೀ ಹೊಲ, ಬಂಡೆ. ಭಾರತದ ಇವತ್ತಿನ ಗಡಿಯಾರದಲ್ಲಿ ಬೆಳಗಿನ ಜಾವ 4 ಗಂಟೆ 17 ನಿಮಿಷಕ್ಕೆ ಹೊರಟ ಅಲೆ, 4 ಗಂಟೆ 31ರ ಸುಮಾರಿಗೆ, ತಿರುಳಿನ ಮೈಯನ್ನು ಸವರಿಕೊಂಡು ಬಂದು, ಆ ಬಂಡೆಗಳನ್ನು ಕೂದಲೆಳೆಯಷ್ಟೂ ಅಲುಗಿಸದೆ ಅಲುಗಿಸಿ ಹೋಗಿದೆ.